ಒದೆಯುವ ಎಮ್ಮೆ ಕೊಟ್ಟು ತಂದ ಕೋವಿ

ತಿಗನಾರೆಯ ಸಿದ್ದಮಲ್ಲಪ್ಪನಿಗೆ ಆಗಾಗ ಸಿಟ್ಟು ಬರುತ್ತಿತ್ತು ಅಂದರೆ ಅದು ಶುದ್ಧ ಸುಳ್ಳು. ಸಿಟ್ಟು ಅವನ ಮನೆಯಲ್ಲೇ ಇರುತ್ತಿತ್ತು, ಆಗಾಗ ಹೊರಗೆ ಹೋಗಿ ಬರುತ್ತಿದ್ದವನು ಅವನೇ. ಬೆಳಿಗ್ಗೆ ಎದ್ದರೆ ಬಾಗಿಲು ಕಿರುಗುಟ್ಟುತ್ತದೆ ಎಂದು ಸಿಟ್ಟು. ಕೀಲಿಗೆ ಎಣ್ಣೆ ಬಿಟ್ಟರೆ, ಬಾಗಿಲು ತೆಗೆದದ್ದು ಗೊತ್ತೇ ಆಗಲಿಲ್ಲ ಎಂದು ಹೆಂಡತಿಯ ಮೇಲೆ ಸಿಟ್ಟು. ಸಂತೆಯ ಬಸ್ಸು ತಡವಾಗಿ ಬಂದರೆ ಡ್ರೈವರನಿಗೆ ಬೈಯುತ್ತಿದ್ದ. ಅದು ಹೊತ್ತಿಗೆ ಸರಿಯಾಗಿ ಬಂದ ಒಂದು ದಿನ, ಹೇಳದೆ ಕೇಳದೆ ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ಬೈದ. ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಅವನು ಬೀದಿಯಲ್ಲಿ ನಿಂತು ಕೂಗಾಡಿದರೆ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಕೂಗಾಟ ಕೇಳದಿದ್ದರೆ ಮಾತ್ರ ಜ್ವರವೇನೋ ಎಂದು ವಿಚಾರಿಸಲು ಬರುತ್ತಿದ್ದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆದರೆ ಎಪ್ಪತ್ತೆಂಟನೇ ಇಸವಿಯಲ್ಲಿ ಅವನ ಸಿಟ್ಟಿಗೆ ನ್ಯಾಯವಾದ ಕಾರಣವೇ ಇತ್ತು, ಪಾಪ. ಕಾಡಿನ ಅಂಚಿನಲ್ಲಿದ್ದ ಅವನ ರಾಗಿ ಹೊಲಕ್ಕೆ ಹಂದಿಗಳು ಬೀಳುತ್ತಿದ್ದವು. ತೆನೆ ಹಾಲುಗಟ್ಟುವುದನ್ನೇ ಕಾದಿದ್ದು, ಮಕ್ಕಳು ಮರಿ ಕಟ್ಟಿಕೊಂಡು ಬಂದು, ತಿಂದಷ್ಟು ತಿಂದು, ತಿನ್ನಲಾರದ್ದರ ಮೇಲೆ ಹೊರಳಾಡಿ ಹೋಗುತ್ತಿದ್ದವು. ಹಿಂದಿನ ವರ್ಷವಂತೂ ಯುಗಾದಿಗೆ ಮುಂಚೆಯೇ ರಾಗಿ ತುಂಬಿಡುವ ವಾಡೆಯ ತಳ ಕಾಣಿಸಿ, ಸ್ವಂತ ಹೊಲವಿರುವ ಗಂಡಸು ಹೆಂಡತಿಯ ಅಣ್ಣನ ಮನೆಗೆ ಹೋಗಿ ರಾಗಿ ಮೂಟೆ ಕೇಳಿ ತರಬೇಕಾಯಿತು. ಎಲ್ಲ ರಾದ್ಧಾಂತಕ್ಕೂ ಅದೇ ಮೂಲ.

ಹೆಂಡತಿಯ ಅಣ್ಣ ಗೆಟ್ಟವಾಡಿಯ ಷಡಕ್ಷರಿ. ಅವನ ಮನೆಯ ಪಡಸಾಲೆಯ ಗೋಡೆಯ ಮೇಲೆ, ಅಪ್ಪನ ಫೋಟೋಗಿಂತ ಒಂದು ಗೇಣು ಎತ್ತರದಲ್ಲಿ, ಒಂದು ಲೈಸೆನ್ಸ್ ಕೋವಿ ತೂಗುತ್ತಿತ್ತು. ಆ ಕೋವಿಯ ಭಯಕ್ಕೆ ಗೆಟ್ಟವಾಡಿಯ ಹೊಲದ ಕಡೆ ಹಂದಿಗಳು ತಲೆಹಾಕಿಯೂ ಮಲಗುವುದಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಸಿದ್ದಮಲ್ಲಪ್ಪ ಮೂಟೆಗೆ ಹೋದ ದಿನ ಅಲ್ಲಿ ನಾಲ್ಕು ಜನ ನೆಂಟರು ಊಟಕ್ಕೆ ಕೂತಿದ್ದರು. ಇವನು ಸುಮ್ಮನಿರಲಾರದೆ ಗೋಡೆಯ ಹತ್ತಿರ ಹೋಗಿ ಕೋವಿಯ ಕಡೆ ಕೈ ಚಾಚಿದ. ಷಡಕ್ಷರಿ ತುತ್ತು ಎತ್ತಿದ ಕೈ ಎತ್ತಿದ ಹಾಗೇ ಹಿಡಿದು ಹೇಳಿದ:

"ಏ ಮಲ್ಲಪ್ಪ, ಮೊದ್ಲು ಕೈ ಕಾಲ್ ತೊಳ್ಕಬುಟ್ ಬಾ. ಇಮ್ಮಡೀನೂ ತಿಕ್ಕಿ ತೊಳಿ. ಲೈಸೆನ್ಸ್ ಕೋವಿ ಅದು."

ನೆಂಟರು ನಕ್ಕರು. ಒಬ್ಬನಿಗಂತೂ ನೆತ್ತಿಗೆ ಹತ್ತಿತು. ಸಿದ್ದಮಲ್ಲಪ್ಪ ಬಗ್ಗಿ ತನ್ನ ಹಿಮ್ಮಡಿ ನೋಡಿಕೊಂಡ. ಒಡೆದು, ಮಣ್ಣು ಮೆತ್ತಿಕೊಂಡು, ಉತ್ತ ಹೊಲದ ಹಾಗೇ ಇತ್ತು, ಸುಳ್ಳಲ್ಲ. ಮೂಟೆಯನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿ, ಅಲ್ಲಿಂದ ತಿರುಗಿ ಕೂಗಿದ: "ಇನ್ನು ನಿನ್ ಮನೆ ರಾಗಿಗೆ ಬಂದ್ರೆ ನನ್ನ ಎಸ್ರು ಸಿದ್ದಮಲ್ಲಪ್ಪ ಅಲ್ಲ! ನಂದೂ ಒಂದು ಕೋವಿ ಬತ್ತದೆ ನೋಡ್ತಿರು!"

"ಬರ್ಲಿ ಬರ್ಲಿ," ಎಂದ ಷಡಕ್ಷರಿ. "ಅಲ್ಲೀಗಂಟ ಅಂದಿ ಓಡ್ಸಕೆ ನಿನ್ನ ಬಾಯೇ ಸಾಕು."

ಬರುವುದಕ್ಕೆ ಕೋವಿಯೇನು ಸಂತೆಯಲ್ಲಿ ಸಿಗುತ್ತದೆಯೇ? ತಾಳಮಲೆಯಲ್ಲಿ ಚಿಕ್ಕಯ್ಯ ಎಂಬ ಮುದುಕನಿದ್ದ. ಹಿಂದೆ ಯಾವನೋ ಬಿಳಿ ದೊರೆಗೆ ಅಡುಗೆ ಮಾಡಿಕೊಂಡಿದ್ದವನು. ದೊರೆ ಹಡಗು ಹತ್ತುವಾಗ ಬಿಟ್ಟುಹೋದ ಒಂಟಿ ನಳಿಗೆಯ ಕೋವಿಯೊಂದು ಅವನ ಹತ್ತಿರ ಇತ್ತು. ನಳಿಗೆಯ ಬಾಯಿಂದ ಮದ್ದು ತುಂಬಿ, ಬಟ್ಟೆ ಗಿಡಿದು, ಹಿಂದೆ ಕೇಪು ಇಟ್ಟು, ಅದನ್ನು ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದು ಬಿಡುವ ಕಾಲದ್ದು. ಈಗ ಅದು ಕೋಳಿಗೂಡಿನ ಬಾಗಿಲಿಗೆ ಅಗುಳಿಯಾಗಿತ್ತು. ಹಿಡಿಯನ್ನು ಗೆದ್ದಲು ತಿಂದಿತ್ತು, ನಳಿಗೆ ಕೆಂಪಗೆ ತುಕ್ಕು ಹಿಡಿದಿತ್ತು, ಒಳಗೆ ಕಣಜ ಗೂಡು ಕಟ್ಟಿತ್ತು.

"ಸಿಡೀತದಾ ಇದು?" ಕೇಳಿದ ಸಿದ್ದಮಲ್ಲಪ್ಪ.

"ಸಿಡೀದೆ ಏನು? ದೊರೆ ಒಂದ್ಸಲ ಆನೆ ಮುಂದೆ ಸಿಡ್ಸುದ್ರು. ಜ್ಞಾನ ತಪ್ಪೋಯ್ತು."

"ಆನೆಗಾ!"

"ಆನೆ ಓಡೋಯ್ತು. ಜ್ಞಾನ ತಪ್ಪುದ್ದು ದೊರೆಗೆ."

ಬುದ್ಧಿಯಿದ್ದವನು ಇಲ್ಲಿಗೇ ಎದ್ದು ಬರುತ್ತಿದ್ದ. ಸಿದ್ದಮಲ್ಲಪ್ಪನಿಗೆ ಕೇಳಿಸಿದ್ದು ಆನೆ ಓಡಿದ್ದು ಮಾತ್ರ. ಕೋವಿಗೆ ಬದಲು ಅವನು ತನ್ನ ಮನೆಯ ಎಮ್ಮೆಯನ್ನು ಕೊಟ್ಟ. ಅದು ಹಾಲು ಕರೆಯಲು ಕೂತವರನ್ನೆಲ್ಲ ಒದ್ದು ಕೆಡವುತ್ತಿತ್ತು ಎಂದು ಅವನು ಹೇಳಲಿಲ್ಲ. ಕೋವಿಗೆ ಕಾಗದ ಪತ್ರ ಏನೂ ಇಲ್ಲವೆಂದು ಚಿಕ್ಕಯ್ಯನೂ ಹೇಳಲಿಲ್ಲ. ಒಬ್ಬರಿಗೊಬ್ಬರು ಟೋಪಿ ಹಾಕಿದೆವೆಂಬ ಸಂತೋಷದಲ್ಲಿ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಬೀಳ್ಕೊಂಡರು.

ಮನೆಯಲ್ಲಿ ಹೆಂಡತಿ ಶಿವನಂಜಮ್ಮ ಅದನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು. "ನಾವು ಲಿಂಗ ಕಟ್ದೋರು. ಇರುವೆ ಕಂಡ್ರೆ ಪಕ್ಕಕ್ ಕಾಲ್ ಇಡೋ ಮನೆ ಇದು. ಕೊಲ್ಲೋ ಸಾಮಾನು ತಂದಿದ್ದೀಯಲ್ಲ, ಏನ್ ಬಂತು ನಿನಗೆ?"

"ಕೊಲ್ಲಕಲ್ಲ ಕಣೆ, ಸದ್ದು ಮಾಡಕೆ! ಸದ್ದಿಗೆ ಅಂದಿ ಓಡ್ತವೆ!"

"ಸದ್ದಿಗೆ ನೀನಿಲ್ವಾ?"

ಕೊನೆಗೆ ಅವನು ಕೊರಳಿನ ಲಿಂಗ ಮುಟ್ಟಿ ಆಣೆಯಿಟ್ಟ. ಕೋವಿಗೆ ಗುಂಡು ಹಾಕುವುದಿಲ್ಲ, ಮದ್ದಿನ ಪೊಟ್ಟಣ ಮನೆಯೊಳಗೆ ತರುವುದಿಲ್ಲ. ಅವಳು ಒಪ್ಪಿಕೊಂಡಳು.

ಆಮೇಲೆ ಕೋವಿಗೆ ಜೀವ ಬರಿಸುವ ಕೆಲಸ ಶುರುವಾಯಿತು. ಕಬ್ಬಿಣದ ತುಕ್ಕು ಹೇಗೆ ತೆಗೆಯಬೇಕೆಂದು ಸಿದ್ದಮಲ್ಲಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳುವ ಜಾಯಮಾನ ಅವನದಲ್ಲ. ಹೆಂಡತಿ ಹಿತ್ತಾಳೆ ಬಿಂದಿಗೆ ಬೆಳಗುವುದನ್ನು ನೋಡಿದ್ದನಲ್ಲ, ಹಾಗೇ ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ಜಗಲಿಯ ಮೇಲೆ ಕೂತು ತಿಕ್ಕತೊಡಗಿದ. ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣೆಲ್ಲ ನಳಿಗೆಗೆ ಹೋಯಿತು. ಮಧ್ಯಾಹ್ನ ಊಟಕ್ಕೆ ಕೂತು, ಸಾರಿಗೆ ಹುಳಿಯೇ ಇಲ್ಲವೆಂದು ತಟ್ಟೆ ತಳ್ಳಿದ.

"ಉಳಿ ಬೇಕಾದ್ರೆ ಕೋವಿ ನೆಕ್ಕು ಓಗು," ಎಂದಳು ಶಿವನಂಜಮ್ಮ.

ದಾರಿಯಲ್ಲಿ ಹೋಗುವವರಿಗೆಲ್ಲ ಈ ಜಗಲಿ ಒಂದು ತಮಾಷೆಯಾಯಿತು. ಪಕ್ಕದ ಮನೆಯ ಚನ್ನಮಲ್ಲಮ್ಮ ದಿನಾ ಬಂದು, "ಏನ್ ಮಲ್ಲಪ್ಪ, ಕೂಸು ಇವತ್ತು ಎಂಗದೆ? ಕೆಮ್ಮಿತಾ?" ಎಂದು ಕೇಳಿ ಹೋಗುತ್ತಿದ್ದಳು. ಅವನು ಕೂಗುತ್ತಿದ್ದ. ಅವಳು ನಾಳೆಯೂ ಬರುತ್ತಿದ್ದಳು.

ಹೊಲದ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ತಮಟೆ ಬಾರಿಸಿ ಹಂದಿ ಕಾಯುತ್ತಿದ್ದ ಸೋಲಿಗರ ಜಡೆಯನನ್ನು ಕರೆಸಿ, "ಇನ್ ಮೇಲೆ ನೀನ್ ಬ್ಯಾಡ ಕಣ್ಲಾ, ಕೋವಿ ಬಂದದೆ," ಎಂದ. ಜಡೆಯ ಬಾರಿಸುತ್ತಿದ್ದುದಕ್ಕಿಂತ ನಿದ್ದೆ ಮಾಡುತ್ತಿದ್ದುದೇ ಹೆಚ್ಚು. ಆದರೆ ಅವನ ಗೊರಕೆಗೂ ಒಂದಷ್ಟು ಹಂದಿ ಹೆದರುತ್ತಿದ್ದವು. ಅವನು ಕೋವಿಯನ್ನು ಹಿಂದೆ ಮುಂದೆ ನೋಡಿ, "ಆಯ್ತು ಬುಡಿ ಮಲ್ಲಪ್ನೋರೆ. ಅದೂ ನನ್ನಂಗೆ ಮಲ್ಗುಬುಟ್ರೆ ಏಳಿ ಕಳ್ಸಿ," ಎಂದು ತಮಟೆ ಹೆಗಲಿಗೆ ಹಾಕಿಕೊಂಡು ಹೋದ.

ಇನ್ನು ಹಿಡಿಯ ಕಥೆ. ಊರಿಗೆ ಕಮ್ಮಾರ, ಬಡಗಿ ಎರಡೂ ಒಬ್ಬನೇ, ಮಾದು. ಜೀವಮಾನವಿಡೀ ನೇಗಿಲು ಕುಂಟೆ ಬಿಟ್ಟು ಬೇರೇನೂ ಮಾಡಿದವನಲ್ಲ. ಸಿದ್ದಮಲ್ಲಪ್ಪನನ್ನು ನೆಟ್ಟಗೆ ನಿಲ್ಲಿಸಿ, ಸೊಂಟದ ತನಕ ಅಳತೆ ತೆಗೆದು, ಒಳ್ಳೆಯ ಮತ್ತಿ ಮರದಲ್ಲಿ ಹಿಡಿ ಕೆತ್ತಿಕೊಟ್ಟ. ಅಚ್ಚುಕಟ್ಟಾದ ಕೆಲಸ, ಆಡಿಕೊಳ್ಳುವ ಹಾಗಿರಲಿಲ್ಲ. ಆದರೆ ಅದು ಥೇಟು ನೇಗಿಲ ಮೇಳಿಯ ಹಾಗೆ ಮೇಲಕ್ಕೆ ಬಾಗಿ, ತುದಿಯಲ್ಲಿ ಅಂಗೈ ಊರುವ ಗೂಟದೊಂದಿಗೆ ಬಂತು. ಹೆಗಲಿಗೆ ಇಟ್ಟುಕೊಂಡರೆ ನಳಿಗೆ ಆಕಾಶ ನೋಡುತ್ತಿತ್ತು. ಹೊಟ್ಟೆಗೆ ಒತ್ತಿಕೊಂಡರೆ ಮಾತ್ರ ಒಂದು ಹದಕ್ಕೆ ನಿಲ್ಲುತ್ತಿತ್ತು.

"ಮುಂಡೇದೇ, ನಾನು ಅಂದಿ ಒಡೀಬೇಕಾ, ಉಳಬೇಕಾ?"

"ಇಡ್ಕಳಕೆ ಸಲೀಸಾಗದೆ ಅಲ್ವಾ?" ಎಂದ ಮಾದು. "ಎತ್ತು ಕಟ್ಟುದ್ರೆ ಇನ್ನೂ ಸಲೀಸು."

ಹೀಗೆ ಕೋವಿ ಸಿದ್ಧವಾದದ್ದು ಆಯುಧಪೂಜೆಯ ದಿನ ಬೆಳಿಗ್ಗೆ. ಕುಲುಮೆಯ ಮುಂದೆ ನೇಗಿಲ ಗುಳ ಹಣಿಸಿ ಚೂಪು ಮಾಡಿಸಿಕೊಳ್ಳಲು ಬಂದವರು ಕೂತಿದ್ದರು. ಅವರೆಲ್ಲ ಕೋವಿಯನ್ನು ನೋಡಿ ಒಂದೇ ಮಾತು ಹೇಳಿದರು: ಇದು ಸಿಡಿಯಲ್ಲ. ಯಾವಾಗಲೂ ಒಬ್ಬರ ಮಾತು ಒಬ್ಬರು ಒಪ್ಪದ ಜನ ಇದೊಂದು ವಿಷಯದಲ್ಲಿ ಒಂದಾದರು. ಸಿದ್ದಮಲ್ಲಪ್ಪನ ಕಿವಿ ಕೆಂಪಗಾಯಿತು. ದೇವಸ್ಥಾನದ ಉತ್ಸವಕ್ಕೆ ಸದ್ದಿನ ಕದನಿ ಸಿಡಿಸಲು ಮಾದು ಇಟ್ಟುಕೊಂಡಿದ್ದ ಮದ್ದಿನ ಡಬ್ಬಿಗೆ ಕೈಹಾಕಿ ನಳಿಗೆಗೆ ಒಂದು ಹಿಡಿ ಸುರಿದ.

"ಸಿಡಿಯಲ್ಲ," ಎಂದ ಒಬ್ಬ.

ಇನ್ನೊಂದು ಹಿಡಿ ಸುರಿದ.

"ಉಹೂಂ," ಎಂದ ಇನ್ನೊಬ್ಬ.

ಮತ್ತೊಂದು ಹಿಡಿ ಸುರಿದು, ಹಳೇ ಪಂಚೆ ಹರಿದು ತುರುಕಿ, ಗಜದ ಕೋಲಿನಿಂದ ಗಿಡಿದು, ಹಿಂದೆ ಕೇಪು ಇಟ್ಟ. ಗುಂಡು ಹಾಕಲಿಲ್ಲ, ಆಣೆ ಆಣೆಯೇ. "ಸಾಯಂಕಾಲ ಒಲ್ದಲ್ಲಿ ಕೇಳುಸ್ಕಳಿ ನಿಮ್ಮ ಕಿವಿ ಇದ್ರೆ!" ಎಂದು ಕೋವಿ ಹೊತ್ತು ಮನೆಗೆ ಬಂದ. ಮದ್ದಿನ ಪೊಟ್ಟಣ ತಾನೇ ಮನೆಗೆ ಬರಬಾರದು? ಪೊಟ್ಟಣ ಎಲ್ಲಿತ್ತು? ಕೋವಿಯನ್ನು ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದ. ಸಿಟ್ಟಿನ ಮನುಷ್ಯ ಸ್ನಾನಕ್ಕೆ ಹೋಗಬಾರದು.

ತಲೆ ಒರೆಸಿಕೊಂಡು ಬಂದು ನೋಡಿದರೆ ಗೋಡೆ ಬರಿದಾಗಿತ್ತು. ನಡುಮನೆಯಲ್ಲಿ ನೇಗಿಲು, ಕುಡುಗೋಲು, ಮಚ್ಚು, ಗುದ್ದಲಿ ಸಾಲಾಗಿ ಕೂತಿದ್ದವು. ನಟ್ಟನಡುವೆ, ಎಲ್ಲಕ್ಕಿಂತ ಎತ್ತರವಾಗಿ, ಕೋವಿ ಆಕಾಶಕ್ಕೆ ಬಾಯಿಬಿಟ್ಟುಕೊಂಡು ನಿಂತಿತ್ತು. ನಳಿಗೆಗೆ ಮೂರು ಬೆರಳಿನ ವಿಭೂತಿ, ಮೇಳಿಗೆ ಚೆಂಡುಹೂವಿನ ಸರ. ಶಿವನಂಜಮ್ಮ ಮಂಗಳಾರತಿ ತಟ್ಟೆ ಕೆಳಗಿಡುತ್ತಿದ್ದಳು.

"ಅಯ್ಯೋ! ಅದನ್ಯಾಕೆ ಇಲ್ಲಿ ಮಡುಗ್ದೆ?"

"ಆಯುಧ ಅಲ್ವಾ ಅದು? ಆಯುಧಪೂಜೆ ದಿನ ಆಯುಧ ಬುಟ್ಟು ನಿನ್ನ ಮಡಗ್ಲಾ?"

ಈಗ ಏನು ಮಾಡುವುದು? ಪೂಜೆಗೆ ಕೂರಿಸಿದ ಸಾಮಾನನ್ನು ಮಾರನೆಯ ದಿನ ಮರುಪೂಜೆ ಮಾಡಿ ಕದಲಿಸುವ ತನಕ ಮುಟ್ಟುವ ಹಾಗಿಲ್ಲ. ಇದು ತಾತ ಮುತ್ತಾತನ ಕಾಲದ ಕಟ್ಟು. ಒಳಗೆ ಮದ್ದಿದೆ ಎಂದು ಹೇಳೋಣವೆಂದರೆ ಆಣೆ ಮುರಿದ ಸುದ್ದಿ ತಾನೇ ಕೊಟ್ಟ ಹಾಗೆ. ಸಿದ್ದಮಲ್ಲಪ್ಪ ಬಾಯಿ ತೆರೆದ, ಮುಚ್ಚಿದ, ಕೊನೆಗೆ ಬೆಕ್ಕಿಗೆ ಬೈದ.

ಹಂದಿಗಳಿಗೆ ಇದೆಲ್ಲ ಯಾರು ಹೇಳಿದರೋ, ಅವತ್ತು ಸಂಜೆಯೇ ಬಂದವು. ಅಟ್ಟಣೆಯಲ್ಲಿ ಜಡೆಯನಿಲ್ಲ, ಹೊಲದಲ್ಲಿ ಸದ್ದಿಲ್ಲ. ಸಿದ್ದಮಲ್ಲಪ್ಪ ಓಡಿಬಂದು ಕೋವಿಗೆ ಕೈ ಚಾಚಿದರೆ ಶಿವನಂಜಮ್ಮ ಅಡ್ಡ ನಿಂತಳು. "ಕದಲ್ಸದೆ ಮುಟ್ಟುದ್ರೆ ನನ್ನಾಣೆ!" ಅವನು ಮೊರ ಒಂದು ಎತ್ತಿಕೊಂಡು, ಅದನ್ನೇ ಬಡಿಯುತ್ತಾ, ಬಾಯಿಗೆ ಬಂದದ್ದು ಬೈಯುತ್ತಾ ಹೊಲಕ್ಕೆ ಓಡಿದ. ಹಂದಿಗಳು ತಲೆ ಎತ್ತಿ ನೋಡಿ, ಇವನೇ ಎಂದು ಗೊತ್ತಾಗಿ, ಮತ್ತೆ ತಲೆ ತಗ್ಗಿಸಿದವು. ಹೊಲದ ಒಂದು ಮೂಲೆ ಹೋಯಿತು. ಅವನು ಬದುವಿನ ಮೇಲೆ ಕೂತು, ಷಡಕ್ಷರಿಯ ಪಡಸಾಲೆಯಲ್ಲಿ ಮತ್ತೆ ಮೂಟೆಗೆ ನಿಲ್ಲಬೇಕಾಗುತ್ತದಲ್ಲ ಎಂದು ಹಲ್ಲು ಕಡಿದ.

ಆದರೆ ಅದೇ ಸಂಜೆ ಚನ್ನಮಲ್ಲಮ್ಮನ ಹಸು ಮನೆಗೆ ಬಂತು. ಕಾಡಿಗೆ ಮೇಯಲು ಹೋಗಿ ಕಳೆದುಹೋಗಿದ್ದ ಹಸು ಅದು. ಮಧ್ಯಾಹ್ನ ಅವಳು ಪೂಜೆ ನೋಡಲು ಬಂದಾಗ, ಇಷ್ಟು ಎತ್ತರದ ದೇವರಿಗೆ ಒಂದು ಹರಕೆ ಇರಲಿ ಎಂದು, ಅರಿಶಿನ ಹಚ್ಚಿದ ಕಾಸೊಂದನ್ನು ನಳಿಗೆಯ ಬಾಯಿಗೆ ಹಾಕಿಹೋಗಿದ್ದಳು. ಹಸು ಬಂದದ್ದು ಹಂದಿಗಳು ಪೊದೆಯಿಂದ ಎಬ್ಬಿಸಿದ್ದಕ್ಕೆ. ಯಾವ ದಡ್ಡನಿಗಾದರೂ ಗೊತ್ತಾಗುವ ವಿಷಯ. ಆದರೆ ಊರಿಗೆ ಆ ಹೊತ್ತು ದಡ್ಡ ಒಬ್ಬನೂ ಸಿಗಲಿಲ್ಲ.

"ಮಾದಪ್ಪ ಸಾಮಿ ಕಣವ್ವ, ಸಾಕ್ಷಾತ್ ಮಾದಪ್ಪ!" ಎಂದು ಚನ್ನಮಲ್ಲಮ್ಮ ಬೀದಿಯಲ್ಲೆಲ್ಲ ಸಾರಿಬಂದಳು. "ಕೋವಿ ರೂಪ್ದಲ್ಲಿ ಬಂದವ್ನೆ! ಬಾಯೊಳಕ್ಕೆ ಆಕುದ್ರೆ ಸಾಕು, ಕೇಳುಸ್ಕತಾನೆ!"

ಬೆಳಗಾಗುವುದರೊಳಗೆ ಬಾಗಿಲಲ್ಲಿ ಹೆಂಗಸರ ಸಾಲು ನಿಂತಿತು. ಒಬ್ಬಳಿಗೆ ಮಗು ಬೇಕು, ಒಬ್ಬಳಿಗೆ ಅತ್ತೆ ಬೇಡ. ಕಾಸು, ಅಕ್ಕಿಕಾಳು, ಅರಿಶಿನದ ಕೊನೆ, ಕುಂಕುಮದ ಪೊಟ್ಟಣ, ಒಬ್ಬಳದಂತೂ ಗಂಡನ ಅಂಗಿಯ ಗುಂಡಿ, ಎಲ್ಲ ನಳಿಗೆಯ ಬಾಯಿಗೆ ಬಿದ್ದವು. ಜಾಗ ಸಾಲದಾದಾಗ ಶಿವನಂಜಮ್ಮ ಒಲೆ ಊದುವ ಕೊಳವೆಯಿಂದ ಭಕ್ತಿಯಿಂದ ಒತ್ತಿ ಕೂರಿಸಿದಳು. ಸಿದ್ದಮಲ್ಲಪ್ಪ ಲಿಂಗ ಮುಟ್ಟಿ ಆಣೆಯಿಟ್ಟು ಹಾಕದೆ ಬಿಟ್ಟ ಗುಂಡನ್ನು ಊರ ಹೆಂಗಸರು ಹೀಗೆ ಹಾಕಿ ಮುಗಿಸಿದರು.

ಅವನು ಕೂಗಿದ. "ಕದಲ್ಸಿ ಅದನ್ನ! ಕೋವಿ ಕಣ್ರೇ ಅದು! ಸಿಡೀತದೆ!"

"ಕೋಪ ಬ್ಯಾಡ ಮಲ್ಲಪ್ಪ, ದೇವ್ರ್ ಮುಂದೆ ಕೂಗ್ಬಾರ್ದು," ಎಂದರು. ಹರಕೆ ತೀರುವ ತನಕ ಕದಲಿಸಕೂಡದು ಎಂದು ತೀರ್ಮಾನವೂ ಆಯಿತು. ತನ್ನ ಮನೆ, ತನ್ನ ಕೋವಿ. ಅವನಿಗೇ ದರ್ಶನಕ್ಕೆ ಸಾಲಿನಲ್ಲಿ ನಿಲ್ಲಬೇಕಾದ ಗತಿ ಬಂತು. ಅವನ ಜಾಗದಲ್ಲಿ ನಿಂತು ನೋಡಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ?

ಮೈ ಉರಿದ ಇನ್ನೊಬ್ಬ ಮನುಷ್ಯ ಗೆಟ್ಟವಾಡಿಯಲ್ಲಿದ್ದ. ಲೈಸೆನ್ಸ್ ಇರುವ ಕೋವಿಗೆ ವರ್ಷಕ್ಕೊಂದು ಹೂವಿನ ಹಾರ, ಕೋಳಿಗೂಡಿನ ಅಗುಳಿಗೆ ದಿನಾ ಮಂಗಳಾರತಿ! ಗೆಟ್ಟವಾಡಿಯ ಹೆಂಗಸರೂ ತಿಗನಾರೆಗೆ ಹೊರಟಾಗ ಷಡಕ್ಷರಿಗೆ ಸಹಿಸಲಾಗಲಿಲ್ಲ. ಶರಟು ಹಾಕಿಕೊಂಡು ಠಾಣೆಗೆ ಹೋಗಿ ಹೇಳಿದ. ಮಾರನೆಯ ದಿನ ಬೆಳಿಗ್ಗೆ ತಿಗನಾರೆಗೆ ಜೀಪು ಬಂತು. ಮುಂದೆ ಎಸ್.ಐ., ಹಿಂದೆ ಇಬ್ಬರು ಪೇದೆಗಳು, ಅವರ ನಡುವೆ ದಾರಿ ತೋರಿಸಲು ಷಡಕ್ಷರಿ.

ಕನ್ನಡ ಮಾತಾಡಿದರೂ ತಿಗನಾರೆ ತಮಿಳು ಸೀಮೆಯ ಲೆಕ್ಕಕ್ಕೆ ಸೇರಿದ ಊರು. ಎಸ್.ಐ. ಕೆಳಗಿನ ಬಯಲುಸೀಮೆಯವರು. ತಮಿಳಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಿದ್ದರು. "ಯಾರಯ್ಯಾ ಸಿದ್ದಮಲ್ಲಪ್ಪ? ತುಪ್ಪಾಕ್ಕಿ ಎಲ್ಲಿ?"

"ತುಪ್ಪಾಕ್ಕಿ ಅಲ್ಲ ಸಾರ್, ಸಾಮಿ ಅದು!" ಎಂದಳು ಚನ್ನಮಲ್ಲಮ್ಮ.

ಪೇದೆಗಳು ಕೋವಿಯನ್ನು ಎತ್ತಲು ಹೋದರೆ ಹೆಂಗಸರು ಅಡ್ಡ ಮಲಗಿದರು. ಕಡೆಗೆ ಶಿವನಂಜಮ್ಮನೇ, ತಲೆಯ ಮೇಲೆ ಸೆರಗು ಹೊದ್ದು, ತೆಂಗಿನಕಾಯಿ ಒಡೆದು ಕದಲಿಸಿ, ಅದನ್ನು ಅಂಗಳಕ್ಕೆ ತಂದಳು. ಎಸ್.ಐ. ಸುತ್ತ ಒಂದು ಪ್ರದಕ್ಷಿಣೆ ಬಂದರು. ನೋಡುವುದಕ್ಕೆ ಬಂದರೋ, ಭಕ್ತಿಗೆ ಬಂದರೋ ಅವರಿಗೇ ಗೊತ್ತು. ವಿಭೂತಿ, ಕುಂಕುಮ, ಹೂವು, ನೇಗಿಲ ಮೇಳಿ.

"ಇದು ನೇಗಿಲಾ, ಸಾಮಿಯಾ, ತುಪ್ಪಾಕ್ಕಿಯಾ?" ಎಂದು ಟೋಪಿ ತೆಗೆದು ತಲೆ ಕೆರೆದರು. ಆಮೇಲೆ ಸಿದ್ದಮಲ್ಲಪ್ಪನ ಕಡೆ ತಿರುಗಿ ಹೇಳಿದರು: "ಕೇಳಯ್ಯಾ. ತುಪ್ಪಾಕ್ಕಿ ಅಂದ್ರೆ ಲೈಸೆನ್ಸ್ ಬೇಕು. ಇಲ್ಲ ಅಂದ್ರೆ ನಿನ್ನನ್ನ ಜೀಪಲ್ಲಿ ಹಾಕ್ಬೇಕು. ಸಿಡೀದೆ ಇರೋದಾದ್ರೆ ಇದು ವೆರುಂ ಇರುಂಬು, ಬರೀ ಕಬ್ಬಿಣ. ಇದು ಸಿಡಿಯಲ್ಲ ಅಂತ ಊರು ಮುಂದೆ ನೀನೇ ಒಂದು ಮಾತು ಹೇಳು. ನಾನು ಹೋಗ್ತೀನಿ."

ಇಷ್ಟು ದಿನ ಊರೆಲ್ಲ ಅಂದದ್ದು, ಇವನು ಯಾರ ಬಾಯಿಂದ ಬಂದರೂ ಕಚ್ಚಲು ಹೋದದ್ದು ಅದೇ ಒಂದು ಮಾತು. ಈಗ ಜೈಲು ತಪ್ಪಬೇಕಾದರೆ ಅದನ್ನು ಸ್ವಂತ ಬಾಯಿಂದ ಆಡಬೇಕು, ಅದೂ ಷಡಕ್ಷರಿಯ ಮುಂದೆ. ಸಿದ್ದಮಲ್ಲಪ್ಪನ ಕತ್ತಿನ ನರ ಉಬ್ಬಿತು. "ಸಿ... ಸಿಡಿ..." ಎಂದು ನಿಂತ. ಶಿವನಂಜಮ್ಮ ಕೈ ಮುಗಿದು ನಿಂತಿದ್ದಳು. ಜೀಪಿನ ಇಂಜಿನ್ ಗುರುಗುಟ್ಟುತ್ತಿತ್ತು.

"ಸಿಡಿಯಲ್ಲ," ಎಂದ, ಬಾಯಿಂದ ಹಲ್ಲು ಕಿತ್ತುಕೊಟ್ಟವನ ಹಾಗೆ.

ಎಸ್.ಐ. ಟೋಪಿ ಹಾಕಿಕೊಂಡರು. ಎಲ್ಲ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಗೆದ್ದ ಮನುಷ್ಯನಿಗೆ ಗೆದ್ದದ್ದು ಸಾಲುವುದಿಲ್ಲ, ತೋರಿಸಬೇಕು. ಷಡಕ್ಷರಿ ಜೀಪಿನಿಂದ ಇಳಿದು ಕೋವಿಯನ್ನು ಎತ್ತಿಕೊಂಡ.

"ನಾನ್ ಅವತ್ತೇ ಏಳ್ಲಿಲ್ವಾ? ಎಮ್ಮೆ ಕೊಟ್ಟು ಕೋಳಿಗೂಡಿನ ಅಗುಳಿ ತಂದವ್ನೆ! ಕೋವಿ ಅಂದ್ರೆ ಏನು ಅಂತ ಇಡ್ದೋನಿಗೆ ಗೊತ್ತು. ನೋಡಿ ಸಾರ್, ಎಂಗ್ ಸಿಡಿಯಲ್ಲ ಅಂತ ನಾನ್ ತೋರುಸ್ತೀನಿ." ಮೇಳಿಯನ್ನು ಹೊಟ್ಟೆಗೆ ಒತ್ತಿಕೊಂಡು, ನಳಿಗೆಯನ್ನು ಆಕಾಶಕ್ಕೆ ಮಾಡಿ, ಕಟಕ್ ಎಂದು ಕುದುರೆ ಎಳೆದ.

ಕುಲುಮೆಯಲ್ಲಿ ಕಂಡ ಗಂಡಸರೆಲ್ಲ ಜೀಪಿನ ಸದ್ದಿಗೇ ಹೊಲದ ಕಡೆ ಜಾರಿಕೊಂಡಿದ್ದರು. ಮೂರು ಹಿಡಿ ಮದ್ದು ಒಳಗಿರುವುದು ಗೊತ್ತಿದ್ದವನು ಆ ಅಂಗಳದಲ್ಲಿ ಒಬ್ಬನೇ. ಹೇಳಿದರೆ ಜೈಲು. ಹೇಳದಿದ್ದರೆ ತಂಗಿಯ ಗಂಡನ ಕೋವಿಯಿಂದ ಅಣ್ಣ ಸತ್ತ ಎಂಬ ಮಾತು ಕೊನೆತನಕ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಸುಮ್ಮನಿರೋಣ ಎಂದೂ ಅವನಿಗೆ ಅನ್ನಿಸಿತು. ಆದರೂ ಕೂಗಿದ.

"ಬ್ಯಾಡ ಬಾವ! ಮದ್ದು ಅದೆ! ಒಳಗೆ ಮದ್ದು ಅದೆ!"

ಯಾರೂ ತಲೆ ಎತ್ತಲಿಲ್ಲ. ಬಾಗಿಲಿಗೆ, ಬಸ್ಸಿಗೆ, ಬೆಕ್ಕಿಗೆ ದಿನಾ ಇದೇ ಗಂಟಲಿನಲ್ಲಿ ಕೂಗುತ್ತಿದ್ದ ಮನುಷ್ಯ. ಚನ್ನಮಲ್ಲಮ್ಮ, "ಒಟ್ಟೆ ಉರಿ ಕಣವ್ವ," ಎಂದಳು. ಎಸ್.ಐ., "ಸುಮ್ಮನಿರಯ್ಯಾ," ಎಂದರು. ಷಡಕ್ಷರಿ ನಗುತ್ತಾ ಬೆರಳು ಒತ್ತಿದ.

ಆ ಸದ್ದು ತಾಳಮಲೆಗೂ ಕೇಳಿಸಿತು ಎನ್ನುತ್ತಾರೆ. ಅಲ್ಲಿ ಚಿಕ್ಕಯ್ಯನ ಎಮ್ಮೆ ಗಾಬರಿಯಾಗಿ ಅವನನ್ನು ಇನ್ನೊಮ್ಮೆ ಒದೆಯಿತಂತೆ. ಹೊಗೆ ಕರಗಿದಾಗ ಷಡಕ್ಷರಿ ನಿಂತಿದ್ದ ಜಾಗದಲ್ಲಿ ಅವನ ಚಪ್ಪಲಿಗಳು ಮಾತ್ರ ಇದ್ದವು. ಅವನು ಹಿಂದಿನ ತಿಪ್ಪೆಗುಂಡಿಯಲ್ಲಿ ಕುಳಿತು, ಹೊಟ್ಟೆ ಹಿಡಿದುಕೊಂಡು, ಬಾಯಿ ತೆರೆದುಕೊಂಡಿದ್ದ. ಮೀಸೆ ಒಂದು ಕಡೆ ಇತ್ತು, ಒಂದು ಕಡೆ ಇರಲಿಲ್ಲ. ಆಮೇಲೆ ಆಕಾಶದಿಂದ ಊರ ಹರಕೆಯೆಲ್ಲ ಇಳಿಯತೊಡಗಿತು. ಅಕ್ಕಿ ಬಿತ್ತು, ಕಾಸು ಬಿತ್ತು, ಅಂಗಿಯ ಗುಂಡಿ ಜೀಪಿನ ಮೇಲೆ ಟಣ್ ಎಂದಿತು. ಎಸ್.ಐ. ಕುಂಕುಮ ಅರಿಶಿನದಲ್ಲಿ ಮುಳುಗಿ ಮದುಮಗನ ಹಾಗೆ ನಿಂತಿದ್ದರು.

"ಸೇಸೆ! ಮಾದಪ್ಪ ಸೇಸೆ ಆಕ್ದ!" ಎಂದು ಹೆಂಗಸರು ಅಕ್ಷತೆ ಹಿಡಿಯುವ ಹಾಗೆ ಮಡಿಲು ಒಡ್ಡಿದರು.

ಎಸ್.ಐ. ಕಣ್ಣು ಒರೆಸಿಕೊಂಡು ಮೊದಲು ಕೇಳಿದ್ದು, "ಸಿಡಿಸಿದ್ದು ಯಾರು?"

"ಗೆಟ್ಟವಾಡಿ ಷಡಕ್ಷರಪ್ನೋರು ಸಾರ್!" ಎಂದಿತು ಊರು ಒಂದೇ ದನಿಯಲ್ಲಿ.

ನಳಿಗೆ ತುದಿಯಿಂದ ಬುಡದ ತನಕ ಬಾಳೆಹಣ್ಣು ಸುಲಿದ ಹಾಗೆ ಸೀಳಿ ನಿಂತಿತ್ತು. ಇನ್ನು ಅದು ತುಪ್ಪಾಕ್ಕಿಯಲ್ಲ, ಬ್ರಹ್ಮ ಬಂದರೂ ಸಿಡಿಯುವುದಿಲ್ಲ. ಹಾಗಾಗಿ ಸಿದ್ದಮಲ್ಲಪ್ಪ ಆಡಿದ ಮಾತು ಒಂದು ನಿಮಿಷ ತಡವಾಗಿಯಾದರೂ ನಿಜವಾಯಿತು. ಎಸ್.ಐ.ಯವರ ಸಿಟ್ಟೆಲ್ಲ ತಿಪ್ಪೆಯ ಕಡೆ ತಿರುಗಿತು. ಪೊಲೀಸರ ಮುಂದೆ, ಜನರ ನಡುವೆ, ತನ್ನದಲ್ಲದ ಕೋವಿ ಸಿಡಿಸುವವನ ಕೈಯಲ್ಲಿ ಲೈಸೆನ್ಸ್ ಇರುವುದು ಕ್ಷೇಮವೇ? ವಿಚಾರಣೆ ಮುಗಿಯುವ ತನಕ ಗೆಟ್ಟವಾಡಿಯ ಗೋಡೆಯ ಕೋವಿ ಠಾಣೆಯಲ್ಲಿರಲಿ ಎಂದು ಅಲ್ಲೇ ಅಪ್ಪಣೆಯಾಯಿತು.

ಊರೆಲ್ಲ ಕುಣಿಯುತ್ತಿರುವಾಗ ಸಿದ್ದಮಲ್ಲಪ್ಪ ಅಂಗಳದ ನಡುವೆ ನಿಂತು ಕೂಗಾಡುತ್ತಿದ್ದ. "ನನ್ನ ಕೋವಿ! ನಾನ್ ತಿಕ್ಕಿದ್ದು! ನಾನ್ ಮದ್ದು ತುಂಬಿದ್ದು! ಸಿಡೀತು ಕಣ್ರಲಾ, ಸಿಡೀತು! ಸಿಡ್ಸುದೋನು ಅವ್ನು!" ಎಸ್.ಐ. ಸೇರಿ ಯಾರೂ ಕೇಳಿಸಿಕೊಳ್ಳಲಿಲ್ಲ. ಅವತ್ತು ಅವನ ಪುಣ್ಯ ದೊಡ್ಡದು. ಶಿವನಂಜಮ್ಮ ಮಾತ್ರ ಕೇಳಿಸಿಕೊಂಡಳು, ಅದಕ್ಕೇ ಅವನಿಗೆ ಆ ವರ್ಷವಿಡೀ ಹುಳಿಯಿಲ್ಲದ ಸಾರು.

ಸೀಳಿದ ಕೋವಿಯನ್ನು ಮನೆಯೊಳಗೆ ಇಡಬಾರದೆಂದು ಅವಳು ಹಟಹಿಡಿದಳು. ಊರಿನವರು ಅದನ್ನು ಅವನ ಹೊಲದ ಬದುವಿನ ಮೇಲೆ, ಅಟ್ಟಣೆಯ ಮರದ ಬುಡದಲ್ಲಿ ನೆಟ್ಟರು. ಕೋವಿ ಮಾದಪ್ಪನಿಗೆ ದಿನಾ ಸಂಜೆ ದೀಪ, ಜಾಗಟೆ, ಶಂಖ, ಹೆಂಗಸರ ಪದ. ಬಾರಿಸಲು ಜಡೆಯ ತಮಟೆಯೊಂದಿಗೆ ತಾನಾಗಿಯೇ ಬಂದ. ಅದೇ ಮರ, ಅದೇ ತಮಟೆ, ಈಗ ಮೇಲೆ ತೆಂಗಿನಕಾಯಿ ಹೋಳು ಬೇರೆ. ಆ ಗಲಾಟೆಗೆ ಹಂದಿಗಳು ತಿಗನಾರೆಯ ದಿಕ್ಕನ್ನೇ ಬಿಟ್ಟವು. ಸಿದ್ದಮಲ್ಲಪ್ಪನ ರಾಗಿ ತೆನೆ ಬಾಗಿ ಹಣ್ಣಾಯಿತು. ಅವನು ಬದುವಿನ ಮೇಲೆ ಕೂತು, ದರ್ಶನಕ್ಕೆ ಬರುವವರು ರಾಗಿ ತುಳಿಯುತ್ತಾರೆ ಎಂದು ಬೈಯುತ್ತಿದ್ದ.

ಕೊಯ್ಲಿಗೆ ಮುಂಚೆ ಒಂದು ಸಂಜೆ ಷಡಕ್ಷರಿ ಬಂದ. ಕೈಯಲ್ಲಿ ಹಣ್ಣು ಕಾಯಿ. ಮೀಸೆ ಎರಡೂ ಕಡೆ ಬೋಳಿಸಿದ್ದ. ತಿಗನಾರೆ ಬಿಟ್ಟ ಹಂದಿಗಳಿಗೆ ಗೆಟ್ಟವಾಡಿಯಲ್ಲಿ ಕೋವಿಯಿಲ್ಲವೆಂದು ಗೊತ್ತಾಗಿತ್ತು. ಅವನ ಹೊಲ ಅರ್ಧ ಹೋಗಿತ್ತು. ಬಂದವನು ಯಾರ ಮುಖವನ್ನೂ ನೋಡದೆ, ತಲೆ ತಗ್ಗಿಸಿ, ಕೋವಿಯ ಮುಂದೆ ಕೈ ಮುಗಿಯಲು ಹೋದ.

ಸಿದ್ದಮಲ್ಲಪ್ಪ ಎದ್ದು ನಿಂತ. ಜಡೆಯ ತಮಟೆ ನಿಲ್ಲಿಸಿದ. ಹೆಂಗಸರು ಪದ ನಿಲ್ಲಿಸಿದರು.

"ಮೊದ್ಲು ಕೈ ಕಾಲ್ ತೊಳ್ಕಬುಟ್ ಬನ್ನಿ ಬಾವ," ಎಂದ. "ಕೋವಿ ಅದು."

ನೀರಿದ್ದದ್ದು ಹೊಲದ ಆ ತುದಿಯ ಬಾವಿಯಲ್ಲಿ. ಷಡಕ್ಷರಿ ಹಣ್ಣು ಕಾಯಿ ಅಲ್ಲೇ ಇಟ್ಟು, ಚಪ್ಪಲಿ ಬಿಟ್ಟು, ಬದುವಿನ ಮೇಲೆ ನಡೆದುಹೋದ. ಅವನು ಅರ್ಧ ದಾರಿ ಹೋಗುವ ತನಕ ಸಿದ್ದಮಲ್ಲಪ್ಪ ತಡೆದುಕೊಂಡಿದ್ದ. ಆಮೇಲೆ, ಎರಡು ಊರಿಗೂ ಕೇಳುವ ಹಾಗೆ, ಗಂಟಲು ಹರಿಯುವ ಹಾಗೆ ಕೂಗಿದ:

"ಇಮ್ಮಡೀನೂ ತಿಕ್ಕಿ ತೊಳೀರಿ!"